ನಾಲ್ಕನೆಯ ಪೆಟ್ಟು

ಸುಮ್ಮನೆ ಕೂರುವ ವಿದ್ಯೆ ನನಗೆ ಈ ಜನ್ಮದಲ್ಲಿ ಒಲಿಯಲಿಲ್ಲ. ಬಸ್ಸಿಗೆ ಕಾಯುವಾಗ ಕೆಲವರನ್ನು ನೋಡಿದ್ದೇನೆ. ಬಂದರೂ ಸೈ, ಬಾರದಿದ್ದರೂ ಸೈ ಎಂಬಂತೆ ಕೈಕಟ್ಟಿ ನಿಂತಿರುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಷ್ಟು ಹೊತ್ತಿನಲ್ಲಿ ನಾನು ಸ್ಟಾಪಿನ ಕಬ್ಬಿಣದ ಕಂಬವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಅದರೊಳಗೆ ತುಕ್ಕು ಎಲ್ಲಿಯವರೆಗೆ ಏರಿದೆಯೆಂದು ಅಂದಾಜು ಮಾಡಿ, ಪಕ್ಕದವರ ಟಿಫಿನ್ ಕ್ಯಾರಿಯರನ್ನೂ ಒಂದು ಸಲ ತಟ್ಟಿ, ಅವರಿಂದ ಬೈಸಿಕೊಂಡೂ ಆಗಿರುತ್ತದೆ. ಇದು ರೋಗವಲ್ಲ, ಕಸುಬು. ಪೀಣ್ಯದ ಒಂದು ಫೌಂಡ್ರಿಯಲ್ಲಿ, ಎಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಮೂವತ್ತೊಂದು ವರ್ಷ ಮಾಡಿದ್ದು ಇದೊಂದೇ ಕೆಲಸ. ಎರಕವಾಗಿ ಬಂದ ಮಾಲನ್ನು ಎಡಗೈಯ ಬೆರಳ ತುದಿಗಳ ಮೇಲೆ ಕೂರಿಸಿಕೊಂಡು ಬಲಗೈಯ ಪುಟ್ಟ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುವುದು. ಟಣ್ ಎಂದರೆ ಮಾಲು ಗಟ್ಟಿ, ಲಾರಿ ಹತ್ತಲಿ. ಬದ್ ಎಂದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು. ಬೆನ್ನಿಗೆ ಕೆಂಪು ಪೇಂಟ್ ಬಳಿದುಕೊಂಡು ಮತ್ತೆ ಕುಲುಮೆಗೆ ಹೋಗಲಿ. ಈಗ ಇದಕ್ಕೆಲ್ಲ ಯಂತ್ರಗಳು ಬಂದಿವೆ. ನಮ್ಮಲ್ಲಿಯೂ ಒಂದು ಬಂದಿತ್ತು. ಅದು ಆಗಾಗ ಕೆಟ್ಟು ಕೂರುತ್ತಿತ್ತು, ನಾನು ಕೆಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಕಸುಬು ಮನೆಗೆ ಬಂದರೂ ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಡುವಂಥದ್ದಲ್ಲ. ದಾಸರಹಳ್ಳಿಯ ಪಾತ್ರೆ ಅಂಗಡಿಯವನು ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಮುಂದಿನ ಸಾಲಿನ ಪಾತ್ರೆಗಳ ಮೇಲೆ ಟವೆಲು ಹೊದಿಸುತ್ತಾನೆ. ತೆಂಗಿನಕಾಯಿಯವಳು, "ನಂಜುಂಡಣ್ಣ, ನೀವು ತಟ್ಟಿ ಬುಟ್ಟಿದ್ನ ಯಾರೂ ಮುಟ್ಟಾಕಿಲ್ಲ, ವಸಿ ಮೆತ್ತಗೆ ತಟ್ಟಿ" ಎಂದು ಬೇಡಿಕೊಳ್ಳುತ್ತಾಳೆ. ನೆಲಮಂಗಲಕ್ಕೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಸರೋಜ ತಲೆ ಬಗ್ಗಿಸಿಕೊಂಡು ತಂದಿಟ್ಟ ಕಾಫಿಯ ಲೋಟವನ್ನು ನಾನು ಅಭ್ಯಾಸಬಲದಿಂದ ಗೆಣ್ಣಿನಲ್ಲಿ ತಟ್ಟಿದೆ. ಭಾವೀ ಮಾವನವರು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಹುಡುಗನಿಗೆ ಸ್ಟೀಲು ಹಿಡಿಸಲಿಲ್ಲವೆಂದು ಮದುವೆಯಲ್ಲಿ ಎರಡು ಬೆಳ್ಳಿಯ ಲೋಟ ಕೊಟ್ಟರು. ನಾನು ಅವನ್ನೂ ತಟ್ಟಿದೆ. ಒಂದು ಟಣ್ ಎಂದಿತು, ಇನ್ನೊಂದು ಬದ್ ಎಂದಿತು. ಹೇಳದೆ ಇರಲಾಗಲಿಲ್ಲ, ಮಂಟಪದಲ್ಲೇ ಹೇಳಿಬಿಟ್ಟೆ. ಮಾವನವರು ಲೋಟ ಬದಲಾಯಿಸಿ ತಂದುಕೊಟ್ಟರು, ಆಮೇಲೆ ಆರು ತಿಂಗಳು ನನ್ನೊಂದಿಗೆ ಮಾತು ಬಿಟ್ಟರು. ಇದನ್ನು ಇಲ್ಲಿ ಹೇಳುತ್ತಿರುವುದು ಸುಮ್ಮನೆ ಅಲ್ಲ. ಬದ್ ಎಂದದ್ದನ್ನು ಬದ್ ಎಂದೇ ಹೇಳುವ ಮನುಷ್ಯ ಎಂಬ ಹೆಸರು ನನಗಿತ್ತು ಎಂಬುದು ನಿಮಗೆ ತಿಳಿದಿರಲಿ. ನಮ್ಮ ಮ್ಯಾನೇಜರ್ ಸಾಹೇಬರು ಪ್ರತಿ ಮೀಟಿಂಗಿನಲ್ಲೂ, "ನಂಜುಂಡಯ್ಯ ಓಕೆ ಮಾಡಿದ ಒಂದೇ ಒಂದು ಪೀಸು ಈ ಗೇಟಿಗೆ ವಾಪಸ್ ಬಂದಿಲ್ಲ" ಎನ್ನುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ನಾನು ಗಳಿಸಿದ ಆಸ್ತಿ ಎಂದರೆ ಆ ಒಂದು ಮಾತು. ಅದಕ್ಕೆ ಕುತ್ತು ಬಂದದ್ದು ಕಬ್ಬಿಣದಿಂದಲ್ಲ, ಸಂಗೀತದಿಂದ.

ಹೋದ ವರ್ಷ ಬೆಳ್ಳಂದೂರಿನಿಂದ ನಿಶಾಂತ್ ಎಂಬ ತರುಣ ನಮ್ಮ ಫೌಂಡ್ರಿಗೆ ಬಂದ. ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಬೆಕ್ಕಿನ ಬಾಲದಂಥ ತುಪ್ಪುಳದ ಮೈಕು. ಜಾಹೀರಾತುಗಳಿಗೆ ಸಂಗೀತ ಮಾಡಿ ಹೊಟ್ಟೆ ಹೊರೆಯುತ್ತೇನೆ, ಈಗ ನನ್ನದೇ ಒಂದು ಹಾಡು ಮಾಡಬೇಕು, ಅದರಲ್ಲಿ ತಬಲ ಇಲ್ಲ, ಡ್ರಮ್ಸ್ ಇಲ್ಲ, ಊರಂಚಿನ ಕಾರ್ಖಾನೆಗಳ ಸದ್ದೇ ತಾಳ ಎಂದ. ಮ್ಯಾನೇಜರ್ ಸಾಹೇಬರಿಗೆ ತಾಳದ ವಿಷಯ ತಿಳಿಯದಿದ್ದರೂ ವಿಡಿಯೋ ಕೂಡ ತೆಗೆಯುತ್ತಾರೆ ಎಂಬುದು ತಿಳಿಯಿತು. ಕೂಡಲೇ ಕಾರ್ಖಾನೆಗೆ ಮದುವೆ ಮನೆಯ ಕಳೆ ಬಂತು. ನೆಲ ತೊಳೆದರು. ಎಲ್ಲಿಂದಲೋ ಎರಡು ಕ್ರೋಟನ್ ಕುಂಡ ತಂದು ಕುಲುಮೆಯ ಪಕ್ಕ ಇಟ್ಟರು. ಶಾಖಕ್ಕೆ ಮಧ್ಯಾಹ್ನದ ಹೊತ್ತಿಗೆ ಅವು ಬಾಡಿ ಹಪ್ಪಳವಾದವು. ಅದಕ್ಕಿಂತ ಮುಖ್ಯವಾಗಿ ಸಾಹೇಬರು ಒಂದು ಅಪ್ಪಣೆ ಹೊರಡಿಸಿದರು: "ವಿಡಿಯೋದಲ್ಲಿ ಎಲ್ಲೂ ಕೆಂಪು ಕಾಣಬಾರದು. ಕಸ್ಟಮರ್ ನೋಡಿದ್ರೆ ನಮ್ಮಲ್ಲಿ ಬರೀ ರಿಜೆಕ್ಟೇ ಅಂದ್ಕೋತಾರೆ." ನನ್ನ ಕೈಕೆಳಗೆ ಮಾಲಿನ ಅಂಚು ಉಜ್ಜುವ ಕೆಲಸಕ್ಕಿದ್ದವನು ಶರಣಪ್ಪ. ಕೊಪ್ಪಳದ ಕಡೆಯವನು, ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲೇ ಬಾಡಿಗೆಗಿರುವವನು, ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡುವ ಸತ್ಯವಂತ. ಕೆಂಪು ಕಾಣಬಾರದು ಎಂದರು. ಅವನು ಕೆಂಪು ಬಳಿದ ಮಾಲನ್ನೆಲ್ಲ ಕೆಂಪು ಕೆಳಗಾಗುವಂತೆ ಮಗುಚಿ ಹಾಕಿದ. ಮೇಜಿನ ಮೇಲೆ ಜಾಗ ಖಾಲಿ ಕಂಡಲ್ಲಿ ಅವನ್ನೇ ಚೆಂದವಾಗಿ ಜೋಡಿಸಿಯೂ ಇಟ್ಟ.

ತಪ್ಪನ್ನು ಅವನ ತಲೆಗೆ ಕಟ್ಟುವುದು ಸುಲಭ. ನಿಜ ಹೇಳಬೇಕೆಂದರೆ ತಪ್ಪು ನನ್ನದು. ಆ ದಿನ ನಾನು ಮಗಳ ಮದುವೆಗೆ ಹೊಲಿಸಿದ್ದ ತಿಳಿನೀಲಿ ಶರ್ಟು ಹಾಕಿಕೊಂಡು, ಮೀಸೆಗೆ ಬಣ್ಣ ಹಚ್ಚಿಕೊಂಡು ಹೋಗಿದ್ದೆ. ನಿಶಾಂತ್ "ಅಂಕಲ್, ನೀವು ದಿನಾ ಮಾಡೋ ಹಾಗೇ ಮಾಡಿ, ನನ್ನ ಕಡೆ ನೋಡ್ಬೇಡಿ" ಎಂದ. ದಿನಾ ಮಾಡುವ ಹಾಗೆ ಮಾಡಿ ಎಂದಾಗ ದಿನಾ ಮಾಡುವ ಹಾಗೆ ಮಾಡಲು ಯಾರಿಗೆ ತಾನೇ ಬರುತ್ತದೆ? ನಾನು ಸುತ್ತಿಗೆಯನ್ನು ಮಾಮೂಲಿಗಿಂತ ಎತ್ತರಕ್ಕೆ ಎತ್ತಿದೆ. ಪಂಪಿನೊಳಗೆ ಕೂರುವ, ಊಟದ ತಟ್ಟೆಯಷ್ಟಗಲದ ಬಿಲ್ಲೆಗಳು ಅಂದಿನ ಮಾಲು. ಒಂದೊಂದನ್ನೇ ಎತ್ತಿ ಬೆರಳ ತುದಿಯಲ್ಲಿ ನಿಲ್ಲಿಸಿ, ಕ್ಯಾಮೆರಾಕ್ಕೆ ಮೀಸೆ ಸರಿಯಾಗಿ ಕಾಣುವಂತೆ ಓರೆಯಾಗಿ ನಿಂತು ಪೆಟ್ಟು ಕೊಟ್ಟೆ. ಕೈ ಕೆಲಸ ಮಾಡಿತು, ಕಿವಿ ಮಾತ್ರ ರಜೆ ಹಾಕಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನಿಶಾಂತ್ ಎರಡೂ ಕೈ ಹಿಡಿದು ಕುಲುಕಿ ಹೋದ. ನಾನು ಶರ್ಟಿಗೆ ಮಸಿ ತಾಗಿಸಿಕೊಂಡದ್ದಕ್ಕೆ ಸರೋಜಳಿಂದ ಬೈಸಿಕೊಂಡು ಆ ವಿಷಯ ಮರೆತೆ.

ಏಳೆಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಫೋನನ್ನು ಮೇಲೆತ್ತಿ ಹಿಡಿದುಕೊಂಡೇ ಒಳಗೆ ಬಂದರು. ನಿಶಾಂತನ ಹಾಡು ರಾಷ್ಟ್ರಮಟ್ಟದ ಸಂಗೀತ ಪ್ರಶಸ್ತಿಯ ಕೊನೆಯ ಐದರ ಪಟ್ಟಿಗೆ ಬಂದಿದೆಯಂತೆ. ಮುಂಬಯಿಯಲ್ಲಿ ಸಮಾರಂಭ, ಬರುವ ತಿಂಗಳ ಒಂದು ಭಾನುವಾರ ಟಿವಿಯಲ್ಲಿ ನೇರಪ್ರಸಾರ. ಕ್ಯಾಂಟೀನಿನ ಸ್ಪೀಕರಿಗೆ ಹಾಡು ಹಾಕಿಸಿದರು. ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಎಲ್ಲರೂ ಮೈಯೆಲ್ಲ ಕಿವಿಯಾಗಿ ನಿಂತೆವು. ಒಬ್ಬ ಹೆಣ್ಣುಮಗಳು ಎಲ್ಲೋ ದೂರದಿಂದ ಹಾಡುತ್ತಾಳೆ, ಕೆಳಗೆ ಕುಲುಮೆಯ ಹುಯಿಲು, ಅದರ ಮೇಲೆ ನನ್ನ ಸುತ್ತಿಗೆ. ಟಣ್. ಟಣ್. ಟಣ್. ಬದ್. ಮತ್ತೆ ಟಣ್, ಟಣ್, ಟಣ್, ಬದ್. ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಚಿತ್ರಾನ್ನದ ತಟ್ಟೆಯನ್ನು ಪಕ್ಕಕ್ಕಿಟ್ಟು ಪೆಟ್ಟುಗಳನ್ನು ಬೆರಳಲ್ಲಿ ಎಣಿಸತೊಡಗಿದೆ. ನಾಲ್ಕನೆಯದು ರಿಜೆಕ್ಟು. ಹಾಡಿನ ಆರಂಭದಿಂದ ಕೊನೆಯವರೆಗೆ ಪ್ರತಿ ನಾಲ್ಕನೆಯ ಪೆಟ್ಟೂ ಅದೇ ರಿಜೆಕ್ಟು. ದೇಶದ ಮುಂದೆ ನಿಂತು ನಾನು ಬಿರುಕು ಬಿಟ್ಟ ಮಾಲನ್ನು ಓಕೆ ಮಾಡುತ್ತಿದ್ದೇನೆ, ಅದೂ ಮೀಸೆಗೆ ಬಣ್ಣ ಹಚ್ಚಿಕೊಂಡು.

ಹಾಡಿನ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡ ಹುಳ ಆಮೇಲೆ ತಲೆಯೊಳಗೆ ಹೊಕ್ಕಿತು. ಓಕೆಯಾದವುಗಳ ನಡುವೆ ಸೇರಿಕೊಂಡ ಆ ಬಿಲ್ಲೆ ಕಡೆಗೆ ಎಲ್ಲಿ ಹೋಯಿತು? ನನ್ನ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಆ ದಿನ ನಾನು ಕೆಂಪು ಬಳಿದದ್ದು ಒಂಬತ್ತು. ಕುಲುಮೆಯವರ ಚೀಟಿಯಲ್ಲಿ ಕರಗಿಸಲು ಬಂದದ್ದು ಎಂಟು. ಎಂದರೆ ಒಂದು ನನ್ನ ಕೈ ದಾಟಿ ಲಾರಿ ಹತ್ತಿದೆ. ಶರಣಪ್ಪನನ್ನು ಮೂಲೆಗೆ ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡು, "ಕೆಂಪು ಕಾಣಬಾರ್ದು ಅಂದ್ರು ಸರ, ನಾ ಕಾಣದಂಗ ಇಟ್ಟೆ. ಆಮ್ಯಾಲ ಎಲ್ಲಾ ತುಂಬ್ಕೊಂಡು ಹೋದ್ರು. ಒಂದು ಮಾಲಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?" ಎಂದ. ಅವನಿಗೇನು ಗೊತ್ತು! ಅಂದಿನಿಂದ ಬೆಂಗಳೂರಿನಲ್ಲಿ ಎಲ್ಲಿ ನೀರು ನಿಂತರೂ ನನ್ನ ಎದೆ ಧಸಕ್ಕೆನ್ನತೊಡಗಿತು. ವೈಟ್‌ಫೀಲ್ಡಿನ ಯಾವುದೋ ಹದಿನೈದನೆಯ ಮಹಡಿಯಲ್ಲಿ ಒಬ್ಬ ಇಂಜಿನಿಯರು ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾನೆ, ಕೆಳಗೆ ಪಂಪಿನೊಳಗೆ ನನ್ನ ಬಿಲ್ಲೆ ಎರಡು ಹೋಳಾಗಿದೆ ಎಂದು ಕಲ್ಪಿಸಿಕೊಂಡು ಬೆವರುತ್ತಿದ್ದೆ. ನಮ್ಮದೇ ಬೀದಿಯಲ್ಲಿ ಮೋಟಾರು ಸುಟ್ಟು ಹೋದಾಗ ಎಲ್ಲರಿಗಿಂತ ಮೊದಲು ಓಡಿ ಹೋಗಿ, "ಒಳಗಿನ ಪ್ಲೇಟು ಸರಿಯಾಗಿದೆಯಾ?" ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಯಾರಿಗಾಗಿ ಹುಟ್ಟಿತೆಂದು ನನಗೆ ಆಗ ತಿಳಿಯಿತು. ನಿವೃತ್ತಿಗೆ ಇನ್ನು ಮೂರೇ ತಿಂಗಳಿತ್ತು. ಮ್ಯಾನೇಜರ್ ಸಾಹೇಬರ ಆ ಒಂದು ಮಾತು ಮೂರು ತಿಂಗಳು ಉಳಿದರೆ ಸಾಕಿತ್ತು.

ಕನಿಷ್ಠ ಹಾಡನ್ನಾದರೂ ಸರಿಪಡಿಸೋಣವೆಂದು ನಿಶಾಂತನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಪಟ್ಟಿಗೆ ಬಂದ ಮೇಲೆ ಅವನ ಫೋನು ಅವನದಾಗಿ ಉಳಿದಿರಲಿಲ್ಲ. ಕೊನೆಗೆ ಒಂದು ಮೆಸೇಜು ಬರೆದೆ. ನನಗೆ ಬರುವುದು ಇನ್‌ಸ್ಪೆಕ್ಷನ್ ರಿಪೋರ್ಟಿನ ಭಾಷೆಯೊಂದೇ, ಹಾಗಾಗಿ, "ತಮ್ಮ ಹಾಡಿನ ನಾಲ್ಕನೆಯ ಪೆಟ್ಟು ತಿರಸ್ಕೃತ ಮಾಲಿನದು. ದಯವಿಟ್ಟು ಪ್ರಶಸ್ತಿಯ ಒಳಗಾಗಿ ಬಂದು ಹೊಸ ಪೆಟ್ಟನ್ನು ಪಡೆದುಕೊಳ್ಳಬೇಕಾಗಿ ವಿನಂತಿ" ಎಂದು ಬರೆದು ಕಳಿಸಿದೆ. ಎರಡು ದಿನದ ಮೇಲೆ ಉತ್ತರ ಬಂತು. ಒಂದು ಹೆಬ್ಬೆರಳು, ಒಂದು ಕೆಂಪು ಹೃದಯ. ಆ ಕೆಂಪು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಸಮಾರಂಭದ ಭಾನುವಾರ ಬಂದೇ ಬಂತು. ಇಡೀ ಬೀದಿಗೆ ಸರೋಜ ಮೊದಲೇ ಸಾರಿಬಿಟ್ಟಿದ್ದಳು. ಸಂಜೆ ಐದಕ್ಕೆ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ; ನಿಪ್ಪಟ್ಟಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಕೂತರು, ನಾನೊಬ್ಬ ಕಾಲು ಸುಟ್ಟ ಬೆಕ್ಕಿನಂತೆ ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದೆ. ಹಾಡು ಗೆದ್ದರೆ ಎಲ್ಲರೂ ಅದನ್ನು ಮತ್ತೆ ಮತ್ತೆ ಕೇಳುತ್ತಾರೆ, ಕಿವಿಯಿದ್ದವನು ಯಾವನಾದರೂ ಕಂಡುಹಿಡಿಯುತ್ತಾನೆ. ಸೋತರೆ ನನ್ನ ಒಂದು ರಿಜೆಕ್ಟಿನಿಂದ ಆ ಹುಡುಗನ ಶ್ರಮ ಹಾಳಾಯಿತು. ಅತ್ತ ದರಿ, ಇತ್ತ ಪುಲಿ. ನಮ್ಮ ಹಾಡಿನ ವಿಭಾಗ, ಎಂದರೆ ಸಿನಿಮಾಕ್ಕೆ ಸೇರದ ಹಾಡುಗಳದ್ದು, ಎಷ್ಟನೆಯದೆಂದು ಯಾರಿಗೂ ಗೊತ್ತಿರಲಿಲ್ಲ. "ಈಗ ಬರುತ್ತೆ ಕೂತ್ಕೊಳ್ರೀ, ತಲೆ ಸುತ್ತತ್ತೆ ನಿಮ್ಮನ್ನ ನೋಡಿದ್ರೆ" ಎಂದು ಸರೋಜ ನನ್ನ ಶರ್ಟಿನ ತುದಿ ಹಿಡಿದು ಕೂರಿಸುತ್ತಿದ್ದಳು. ಜಾಹೀರಾತು ಬಂದ ಕೂಡಲೇ ನಾನು ಮತ್ತೆ ಏಳುತ್ತಿದ್ದೆ.

ಪ್ರಶಸ್ತಿ ಕೊಡುವವರು ಪ್ರಶಸ್ತಿ ಕೊಡುವುದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಾರೆಂದು ನನಗೆ ಆವತ್ತು ತಿಳಿಯಿತು. ಮೊದಲು ಅರ್ಧ ಗಂಟೆ ಕುಣಿತ. ಆಮೇಲೆ ನಿರೂಪಕ ಹೇಳಿದ ಜೋಕಿಗೆ ನಿರೂಪಕಿ ನಕ್ಕಳು, ನಿರೂಪಕಿ ಹೇಳಿದ್ದಕ್ಕೆ ನಿರೂಪಕ ನಕ್ಕ. ಕೊನೆಗೂ ವಿಜೇತರು ಬರತೊಡಗಿದರು. ಒಬ್ಬ ಗಾಯಕ ತನ್ನ ತಂದೆ, ತಾಯಿ, ಗುರು, ಡ್ರೈವರು ಎಲ್ಲರಿಗೂ ಕೃತಜ್ಞತೆ ಹೇಳಿ ಕೆಳಗಿಳಿದವನು, ಹೆಂಡತಿಯ ಹೆಸರು ಬಿಟ್ಟುಹೋದದ್ದು ನೆನಪಾಗಿ ಓಡುತ್ತ ಮತ್ತೆ ಮೇಲೆ ಬಂದ. ನಮ್ಮ ಹಾಲಿನ ಹೆಂಗಸರೆಲ್ಲ "ಈಗ ನೆನಪಾಯ್ತಾ!" ಎಂದು ಒಟ್ಟಿಗೆ ಕೂಗಿದರು. ಇಬ್ಬರು ಅಣ್ಣತಮ್ಮಂದಿರಿಗೆ ಸೇರಿ ಒಂದೇ ಟ್ರೋಫಿ ಬಂತು; ನಗುನಗುತ್ತಲೇ ಇಬ್ಬರೂ ಅದರ ಒಂದೊಂದು ತುದಿಯನ್ನು ಬಿಡಲಿಲ್ಲ. ಮತ್ತೊಬ್ಬಳು ಬಂದೇ ಇರಲಿಲ್ಲ, ಅವಳ ಪರವಾಗಿ ಬಂದವನು ಅವಳಿಗಿಂತ ಹೆಚ್ಚು ಅತ್ತ. ಜೀವಮಾನದ ಸಾಧನೆಗೆಂದು ಒಬ್ಬ ತುಂಬ ಹಿರಿಯ ವಾದ್ಯಗಾರರನ್ನು ಕೈಹಿಡಿದು ಕರೆತಂದರು. ಅವರು ಮೈಕಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಟ್ರೋಫಿಯನ್ನು ಮಗುವನ್ನು ಎತ್ತಿಕೊಂಡಂತೆ ತೋಳಿನಲ್ಲಿ ಎತ್ತಿಕೊಂಡು, ಏನೂ ಹೇಳದೆ ಇಳಿದು ಹೋದರು. ನಮ್ಮ ಹಾಲಿನಲ್ಲೂ ಒಂದು ಗಳಿಗೆ ಯಾರೂ ನಿಪ್ಪಟ್ಟು ಕಡಿಯಲಿಲ್ಲ. ಸುಮ್ಮನಿರುವುದನ್ನು ಅವರಿಂದ ಕಲಿಯಬೇಕು ಎಂದುಕೊಂಡೆ, ಎಂದುಕೊಳ್ಳುತ್ತಲೇ ಕುರ್ಚಿಯ ಕೈಯನ್ನು ತಟ್ಟುತ್ತಿದ್ದೆ. ಟ್ರೋಫಿ ಎಂದರೆ ಬಂಗಾರದ ಬಣ್ಣದ, ಶಂಖದ ಆಕಾರದ ಎರಕ. ಅದನ್ನು ಗಾಜಿನ ಮೇಜಿನ ಮೇಲೆ ಇಡುವಾಗಲೆಲ್ಲ ನನ್ನ ಕಿವಿ ನಿಮಿರುತ್ತಿತ್ತು. ಚಪ್ಪಾಳೆಯ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಎಂಟಾಗುವ ಹೊತ್ತಿಗೆ ನಮ್ಮ ವಿಭಾಗ ಬಂತು. ಐದೂ ಹಾಡುಗಳ ಒಂದೊಂದು ತುಣುಕು ಹಾಕಿದರು. ನಮ್ಮದರಲ್ಲಿ ನಾಲ್ಕೇ ಪೆಟ್ಟು ಕೇಳಿಸಿತು, ನಾಲ್ಕನೆಯದೂ ಸೇರಿ. ನಿರೂಪಕಿ ಲಕೋಟೆ ಹರಿಯುವಾಗ ಶರಣಪ್ಪ ನನ್ನ ಮೊಣಕಾಲನ್ನು ಅದುಮಿ ಹಿಡಿದ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ತಿಳಿಯಲಿಲ್ಲ. ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಟಿವಿಯೇ ಕಾಣಲಿಲ್ಲ. ಸಂದಿಯಲ್ಲಿ ನೋಡಿದರೆ ನಿಶಾಂತ್ ವೇದಿಕೆಯ ಮೇಲಿದ್ದಾನೆ. ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದವನು ನಡುವೆ ನಿಲ್ಲಿಸಿ, ಕನ್ನಡದಲ್ಲಿ, "ಪೀಣ್ಯದ ನಂಜುಂಡಯ್ಯ ಅಂಕಲ್, ಇದು ನಿಮ್ದು" ಎಂದ. ನನ್ನ ಕಣ್ಣು ತುಂಬಿ ಬಂತು. ತುಂಬಿದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಆ ಮಹಾರಾಯ ಮೈಕಿನ ಮುಂದೆ ಚಪ್ಪಾಳೆಯಿಂದ ತಾಳ ಹಾಕತೊಡಗಿದ. ಮೂರು ಸಲ ಚುರುಕಾಗಿ, ನಾಲ್ಕನೆಯ ಸಲ ಅಂಗೈ ಗುಳಿ ಮಾಡಿ ಮೊದ್ದಾಗಿ. ಸಭೆಯಲ್ಲಿದ್ದ ಅಷ್ಟೂ ಜನ, ಹೆಂಡತಿಯನ್ನು ಮರೆತವನು, ಟ್ರೋಫಿ ಹಂಚಿಕೊಂಡವರು, ಆ ಹಿರಿಯರು ಕೂಡ, ಅವನೊಂದಿಗೆ ಕೈ ಸೇರಿಸಿದರು. ದೇಶದ ಸಂಗೀತವೆಲ್ಲ ಒಂದಾಗಿ ನನ್ನ ರಿಜೆಕ್ಟಿಗೆ ತಾಳ ಹಾಕಿತು. ನಾನು ಬಚ್ಚಲುಮನೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಪುಣ್ಯಕ್ಕೆ ನಲ್ಲಿಯಲ್ಲಿ ನೀರು ಬರುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ನಿಶಾಂತ್ ಟ್ರೋಫಿ ಹಿಡಿದುಕೊಂಡು ನಮ್ಮ ಮನೆಗೇ ಬಂದ. ಸರೋಜ ಆರತಿ ಎತ್ತಿ ಒಳಗೆ ಕರೆದಳು. ಶರಣಪ್ಪ ಮಹಡಿಯಿಂದ ಇಳಿದು ಬಂದು ಗೋಡೆಗೊರಗಿ ಕೂತ. ಉಪ್ಪಿಟ್ಟು ಮುಗಿಯುವವರೆಗೂ ನಾನು ತಾಳಿಕೊಂಡದ್ದೇ ಹೆಚ್ಚು. ತಟ್ಟೆ ಎತ್ತುತ್ತಲೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ: ನಾಲ್ಕನೆಯ ಪೆಟ್ಟು ಬಿರುಕು ಬಿಟ್ಟ ಮಾಲಿನದು, ಆ ಮಾಲು ಎಲ್ಲಿ ಹೋಯಿತೋ ತಿಳಿಯದು, ಮೂರು ವಾರದಿಂದ ನಿದ್ದೆಯಿಲ್ಲ. ನಿಶಾಂತ್ ಜೋರಾಗಿ ನಕ್ಕುಬಿಟ್ಟ.

"ಅಯ್ಯೋ ಅಂಕಲ್, ಅದು ನನ್ನ ಹತ್ರನೇ ಇದೆ!"

"ನಿನ್ನ ಹತ್ರನಾ?"

"ಹೂಂ. ಅವತ್ತೇ ಆ ಒಂದು ಸೌಂಡ್ ಬೇರೆ ಥರ ಇತ್ತು, ಸಕ್ಕತ್ ಇಷ್ಟ ಆಯ್ತು. ಒಂದು ಪೀಸ್ ನೆನಪಿಗೆ ತಗೊಂಡು ಹೋಗ್ಲಾ ಅಂತ ಮ್ಯಾನೇಜರ್ ಸಾರ್‌ನ ಕೇಳ್ದೆ, ಹತ್ತು ತಗೊಳ್ಳಿ ಅಂದ್ರು. ನಾನು ಅದನ್ನೇ ಹುಡುಕಿ ತಗೊಂಡೆ. ಹಿಂದೆ ಕೆಂಪು ಪೇಂಟ್ ಇದೆ, ಅಲ್ವಾ? ಸ್ಟುಡಿಯೋ ಬಾಗ್ಲು ಗಾಳಿಗೆ ಹಾಕ್ಕೊಳ್ದೆ ಇರ್ಲಿ ಅಂತ ಅಡ್ಡ ಇಟ್ಟಿದೀನಿ."

ವೈಟ್‌ಫೀಲ್ಡಿನ ಸೋಪಿನ ಇಂಜಿನಿಯರು ನನ್ನ ಕಣ್ಣ ಮುಂದೆಯೇ ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡು ಹೊರಗೆ ಬಂದ. ಒಂಬತ್ತರಲ್ಲಿ ಎಂಟು ಕರಗಿತು, ಒಂದು ಬೆಳ್ಳಂದೂರಿನಲ್ಲಿ ಬಾಗಿಲು ಕಾಯುತ್ತಿದೆ. ನನ್ನ ಹೆಸರಿಗೆ ಕಳಂಕವಿಲ್ಲ. ಆ ಖುಷಿಯಲ್ಲಿ ನಾನು ಸರೋಜಳಿಗೆ ಇನ್ನೊಂದು ಸುತ್ತು ಕಾಫಿ ತರಲು ಹೇಳಿ, ನಿಶಾಂತನ ಟ್ರೋಫಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಒಳ್ಳೆಯ ತೂಕ. ನುಣುಪು ಬಂಗಾರದ ಲೇಪ. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. "ಅಂಕಲ್, ತಟ್ಟಿ ನೋಡಿ! ನೀವು ತಟ್ಟಿ ಓಕೆ ಅಂದ್ರೇನೇ ನನಗೆ ಅವಾರ್ಡ್ ಬಂದ ಹಾಗೆ" ಎಂದ ನಿಶಾಂತ್. ಫೋನಿನಲ್ಲಿ ವಿಡಿಯೋ ತೆಗೆಯಲೂ ಶುರು ಮಾಡಿದ.

ನಾನು ಶಾಸ್ತ್ರೋಕ್ತವಾಗಿ ಟ್ರೋಫಿಯನ್ನು ಎಡಗೈಯ ಬೆರಳ ತುದಿಗಳ ಮೇಲೆ ಕೂರಿಸಿದೆ. ಬಲಗೈಯ ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟೆ.

ಬದ್.

ಕೈ ಸರಿಯಾಗಿ ಕೂರಲಿಲ್ಲವೇನೋ ಎಂದು ತಿರುಗಿಸಿ ಹಿಡಿದು ಮತ್ತೊಮ್ಮೆ ಕೊಟ್ಟೆ. ಬದ್. ಶಂಖದ ಕತ್ತಿನ ಹತ್ತಿರ, ಬಂಗಾರದ ಲೇಪದ ಅಡಿಯಲ್ಲಿ, ಬಲ್ಲವರಿಗೆ ಮಾತ್ರ ಕಾಣುವ ಕೂದಲೆಳೆಯಷ್ಟು ಗೆರೆ. ಗೋಡೆಗೊರಗಿದ್ದ ಶರಣಪ್ಪ ನಿಧಾನವಾಗಿ ನೆಟ್ಟಗೆ ಕೂತ. ಹತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ಟಣ್ಣನ್ನೂ ಬದ್ದನ್ನೂ ಕೇಳಿದವನು ಅವನು. ಕಾಫಿ ತರುತ್ತಿದ್ದ ಸರೋಜ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮಂಟಪದಲ್ಲಿ ಅಪ್ಪ ಕೊಟ್ಟ ಬೆಳ್ಳಿಯ ಲೋಟವನ್ನು ನಾನು ತಟ್ಟಿದಾಗ ಅವಳ ಮುಖ ಹೇಗಿತ್ತೋ ಈಗಲೂ ಹಾಗೇ ಇತ್ತು. ನಿಶಾಂತ್ ಮಾತ್ರ ಕಣ್ಣರಳಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಹಾಡಿನ ಸದ್ದಿನಲ್ಲಿ ಕೂದಲು ಸೀಳುವ ಆ ಕಿವಿ ಆ ಗಳಿಗೆಯಲ್ಲಿ ಏನನ್ನೂ ಕೇಳಿಸಿಕೊಂಡಿರಲಿಲ್ಲ. ನಾನು ನೀಲಿ ಶರ್ಟು ಹಾಕಿಕೊಂಡ ದಿನ ನನ್ನ ಕಿವಿಯೂ ಹೀಗೇ ರಜೆ ಹಾಕಿತ್ತಲ್ಲ. "ಹೇಗಿದೆ ಅಂಕಲ್?" ಎಂದ.

"ಓಕೆ" ಎಂದೆ. ಧ್ವನಿ ಸಾಲದೆಂದು ಇನ್ನೊಮ್ಮೆ, "ಫಸ್ಟ್ ಕ್ಲಾಸ್ ಓಕೆ" ಎಂದೆ.

ನಿಶಾಂತನನ್ನು ಕಾರಿನವರೆಗೆ ಬಿಟ್ಟು ವಾಪಸು ಬರುವಾಗ ಶರಣಪ್ಪ ನನ್ನ ಜೊತೆಗೇ ಇದ್ದ. ಗೇಟಿನ ಹತ್ತಿರ ಬಂದಾಗ ಮೆಲ್ಲಗೆ, "ಸರ, ಅದು ಸೀಳಿತ್ತಲ್ರೀ?" ಎಂದ. "ನಿನಗೆಲ್ಲ ಗೊತ್ತಾಗುತ್ತಾ? ಸುಮ್ಮನಿರು" ಎಂದು ಗದರಿಸಿದೆ. ಅವನು ನಕ್ಕು, "ಆತು ಬಿಡ್ರಿ, ಕೆಂಪು ಕಾಣಬಾರ್ದು" ಎಂದು ಮಹಡಿ ಹತ್ತಿದ. ಅಂದು ಮಧ್ಯಾಹ್ನದ ಊಟಕ್ಕೆ ಸರೋಜ ನೀರನ್ನು ಆ ಬೆಳ್ಳಿಯ ಲೋಟದಲ್ಲಿ ತಂದಿಟ್ಟಳು, ಬಡಿಸುವಾಗ ಒಂದು ಚಮಚ ತುಪ್ಪ ಜಾಸ್ತಿ ಹಾಕಿದಳು. ಮದುವೆಯಾದಾಗಿನಿಂದ ಅವಳು ಕಾದಿದ್ದ ಓಕೆ ಎಂಬ ಉತ್ತರ ಅಷ್ಟು ತಡವಾಗಿ ಸಿಕ್ಕಿತೆಂದು ತೋರುತ್ತದೆ, ಅದೂ ಬೇರೆಯವರ ಮಾಲಿಗೆ.

ಹೋದ ತಿಂಗಳು ನನ್ನ ಬೀಳ್ಕೊಡುಗೆ ಆಯಿತು. ಮ್ಯಾನೇಜರ್ ಸಾಹೇಬರು ಹಾರ ಹಾಕಿ, ಮೈಕು ಹಿಡಿದು, "ಮೂವತ್ತೊಂದು ವರ್ಷ! ನಮ್ಮ ನಂಜುಂಡಯ್ಯ ಒಂದೇ ಒಂದು ರಿಜೆಕ್ಟನ್ನು ಓಕೆ ಅಂದವರಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಶರಣಪ್ಪನ ಚಪ್ಪಾಳೆ ಬೇರೆಯಾಗಿಯೇ ಕೇಳಿಸುತ್ತಿತ್ತು. ಮೂರು ಚುರುಕು, ಒಂದು ಮೊದ್ದು. ಆಮೇಲೆ ನೆನಪಿನ ಕಾಣಿಕೆ ಕೊಟ್ಟರು. ನಮ್ಮ ಕುಲುಮೆಯಲ್ಲೇ, ನನ್ನವರೇ ಎರಕ ಹೊಯ್ದು, ನನ್ನ ಹೆಸರು ಕೆತ್ತಿ, ಕಪ್ಪು ಪಾಲಿಶು ಕೊಟ್ಟ ಒಂದು ದಪ್ಪ ಬಿಲ್ಲೆ. ಕೈಗೆ ಬಂದ ಕೂಡಲೇ ಅದು ತಾನಾಗಿ ಎಡಗೈಯ ಬೆರಳ ತುದಿಗಳ ಮೇಲೆ ಹೋಗಿ ಕೂತಿತು, ಬಲಗೈಯ ಗೆಣ್ಣು ಮಡಿಚಿಕೊಂಡಿತು. ಅಷ್ಟೂ ಜನ ಉಸಿರು ಹಿಡಿದು ಕಾಯುತ್ತಿದ್ದರು. ನಾನು ಗೆಣ್ಣನ್ನು ಬಿಚ್ಚಿ, ಅದೇ ಕೈಯಿಂದ ಎಲ್ಲರಿಗೂ ನಮಸ್ಕಾರ ಮಾಡಿ ಕೆಳಗಿಳಿದೆ.

ಈಗ ಅದು ನಮ್ಮ ಟಿವಿಯ ಪಕ್ಕದಲ್ಲಿದೆ. ಇಡೀ ದಿನ ಮನೆಯಲ್ಲೇ ಇರುವ ನಾನು ಕಿಟಕಿಯ ಸರಳು, ಗ್ಯಾಸಿನ ಸಿಲಿಂಡರು, ನೀರಿನ ಡ್ರಮ್ಮು ಎಲ್ಲವನ್ನೂ ತಟ್ಟುತ್ತ ತಿರುಗುತ್ತೇನೆ. ಅದರ ಹತ್ತಿರ ಬಂದಾಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಸರೋಜ ದಿನಾ ಬೆಳಿಗ್ಗೆ ಅದನ್ನು ಒರೆಸುವಾಗ, ಬೇಕೆಂದೇ, ಬಳೆಯ ಕೈಯನ್ನು ಮೇಲೆತ್ತಿ ಹಿಡಿದು ನನ್ನ ಕಡೆ ತಿರುಗುತ್ತಾಳೆ. "ಒಂದ್ಸಲ ತಟ್ಟಿ ನೋಡ್ಲೇನ್ರೀ?" ಎನ್ನುತ್ತಾಳೆ. "ಬೇಡ, ಚೆನ್ನಾಗೇ ಇರುತ್ತೆ ಬಿಡು" ಎನ್ನುತ್ತೇನೆ ನಾನು.